ಒಂದೇ ಕಿಂಡಿಯ ಲ್ಯಾಪ್‌ಟಾಪು

ನನ್ನ ಲ್ಯಾಪ್‌ಟಾಪಿಗೆ ಇರುವುದು ಒಂದೇ ಕಿಂಡಿ. ಎಡಮಗ್ಗುಲಲ್ಲಿ, ಹಿತಕಿದ ಅವರೆಕಾಳೊಂದನ್ನು ಬೆರಳಿನಿಂದ ಅದುಮಿದರೆ ಎಷ್ಟಗಲವಾದೀತೋ ಅಷ್ಟೇ ಅಗಲದ, ಮೂಲೆಗಳು ದುಂಡಗಿರುವ ಒಂದು ಕಿಂಡಿ. ಕರೆಂಟು ಒಳಗೆ ಹೋಗುವುದೂ ಅದರಲ್ಲೇ, ಪೆನ್‌ಡ್ರೈವಿನಿಂದ ಪಾಠ ಒಳಗೆ ಬರುವುದೂ ಅದರಲ್ಲೇ, ಕಾಲೇಜಿನ ಪ್ರೊಜೆಕ್ಟರಿಗೆ ಚಿತ್ರ ಹೊರಗೆ ಹೋಗುವುದೂ ಅದರಲ್ಲೇ. ಕೊಳ್ಳುವಾಗ ಅಂಗಡಿಯವನು ಅದನ್ನೊಂದು ದೊಡ್ಡ ಗುಣವೆಂಬಂತೆ ತೋರಿಸಿದ್ದ. ಮೂವತ್ತು ವರ್ಷ ಕನ್ನಡ ಪಾಠ ಹೇಳಿದವಳು, ವಿಶೇಷಣಗಳಿಗೆ ಅಷ್ಟು ಸುಲಭವಾಗಿ ಮರುಳಾಗಬಾರದವಳು, ನಾನೂ ತಲೆದೂಗಿ ಮನೆಗೆ ತಂದೆ. ಈಗ ಅದು ಬೀರುವಿನ ಮೇಲೆ, ಸೀರೆ ಬಂದಿದ್ದ ಹಳೆಯ ರಟ್ಟಿನ ಡಬ್ಬಿಯಲ್ಲಿ ಮಲಗಿದೆ. ಅದರ ಸುದ್ದಿಯನ್ನು ಯಾರ ಬಳಿಯಾದರೂ ಹೇಳಿಕೊಳ್ಳದಿದ್ದರೆ ನನಗೆ ಅನ್ನ ಇಳಿಯುವುದಿಲ್ಲ, ಅದಕ್ಕೇ ನಿಮ್ಮನ್ನು ಹಿಡಿದು ಕೂರಿಸಿಕೊಂಡಿದ್ದೇನೆ.

ಇದಕ್ಕೆ ಮೊದಲು ನನ್ನಲ್ಲಿದ್ದದ್ದು ಒಂದು ದಪ್ಪ ಲ್ಯಾಪ್‌ಟಾಪು. ಹುತ್ತೂರಿನ ಕಡೆಯ ನಮ್ಮ ಹಳ್ಳಿಯಿಂದ ಕೋಲಾರದ ಕಾಲೇಜಿಗೆ ಬಸ್ಸಿನಲ್ಲಿ ನಿಂತುಕೊಂಡು ಹೋಗುವಾಗ ಅದನ್ನು ಹೆಗಲಿಗೆ ಹಾಕಿಕೊಂಡರೆ, ಬುತ್ತಿಯ ಜೊತೆಗೆ ಒರಳುಗುಂಡನ್ನೂ ಹೊತ್ತಂತಾಗುತ್ತಿತ್ತು. ಆದರೆ ಅದರ ಎರಡೂ ಮಗ್ಗುಲುಗಳಲ್ಲಿ ಎಷ್ಟು ತೂತುಗಳಿದ್ದವು ಅನ್ನುತ್ತೀರಿ! ಚಾರ್ಜರಿಗೆ ಗುಂಡನೆಯದೊಂದು, ಪೆನ್‌ಡ್ರೈವಿಗೆ ಚೌಕನೆಯವು ಮೂರು, ಪ್ರೊಜೆಕ್ಟರಿಗೆ ಸಾಲುಸಾಲು ಚುಕ್ಕೆಗಳ ಅಗಲಬಾಯಿ ಒಂದು, ನೆಟ್ಟಿನ ವೈರಿಗೊಂದು, ಕಿವಿಗೊಂದು, ಮೈಕಿಗಿನ್ನೊಂದು. ಕೆಲವಕ್ಕೆ ನಾನು ಒಂದು ದಿನವೂ ಏನನ್ನೂ ಚುಚ್ಚಿದವಳಲ್ಲ. ಮೂರು ಚೌಕದ ತೂತುಗಳಲ್ಲಿ ಎರಡು ಕೆಟ್ಟ ಮೇಲೂ ಅದು ಮೂರನೆಯದರಲ್ಲಿ ಸಂಸಾರ ನಡೆಸಿತು. ಚಾರ್ಜರಿನ ತೂತು ಸಡಿಲವಾದಾಗ ನಾಲ್ಕಾಣೆ ಕೆಲಸವೆಂಬಂತೆ ಅದೊಂದನ್ನೇ ಬದಲಿಸಿಕೊಟ್ಟರು. ಯಾವುದಕ್ಕೆ ಯಾವುದು ಎಂದು ಕಣ್ಣಿಗೇ ಗೊತ್ತಾಗುತ್ತಿತ್ತು, ಒಂದರ ಕಾಯಿಲೆ ಇನ್ನೊಂದಕ್ಕೆ ತಗಲುತ್ತಿರಲಿಲ್ಲ.

ಆಮೇಲೆ ಲೋಕಕ್ಕೆ ತೆಳ್ಳಗಾಗುವ ಹುಚ್ಚು ಹಿಡಿಯಿತು. ಯಂತ್ರವನ್ನು ರೊಟ್ಟಿಯಷ್ಟು ತೆಳ್ಳಗೆ ಮಾಡಬೇಕೆಂದರೆ ಅಗಲ ಬಾಯಿಗಳಿಗೆಲ್ಲ ಜಾಗವಿಲ್ಲ. ಹಾಗಾಗಿ ಎಲ್ಲವನ್ನೂ ಮುಚ್ಚಿ ಒಂದನ್ನು ಉಳಿಸಿದರು. ಉಳಿದ ಬಾಯಿಗಳು ಎಲ್ಲಿಗೆ ಹೋದವು? ಎಲ್ಲೂ ಹೋಗಲಿಲ್ಲ. ಬಾಲವಿರುವ ಒಂದು ಸಣ್ಣ ಡಬ್ಬಿಯೊಳಗೆ ಅವನ್ನೆಲ್ಲ ತುಂಬಿ, ಬೇರೆಯಾಗಿ ಮಾರುತ್ತಾರೆ. ಹಳೆಯ ಪೆನ್‌ಡ್ರೈವು ಹೊಸ ಕಿಂಡಿಗೆ ಹೋಗುವುದಿಲ್ಲ; ಡಬ್ಬಿಯ ಬಾಲವನ್ನು ಕಿಂಡಿಗೆ ಚುಚ್ಚಿ, ಡಬ್ಬಿಗೆ ಪೆನ್‌ಡ್ರೈವು ಚುಚ್ಚಬೇಕು. ಆ ಡಬ್ಬಿ ಮರೆತುಹೋಗುವುದಕ್ಕೆಂದೇ ಹುಟ್ಟಿದ ವಸ್ತು. ನನ್ನದು ಕಾಲೇಜಿನ ಪ್ರೊಜೆಕ್ಟರಿಗೆ ನೇತುಬಿದ್ದೇ ಉಳಿಯಿತು. ಇತಿಹಾಸದ ಮೇಷ್ಟ್ರೊಬ್ಬರು ತಮ್ಮ ತೆಳು ಯಂತ್ರಕ್ಕೆ ಅದನ್ನು ಒಗ್ಗಿಸಿಕೊಂಡು, ಕೇಳಿದಾಗಲೆಲ್ಲ, "ನಾಳೆ ತಂದ್ಕೊಡ್ತೀನಿ ಮೇಡಂ" ಎಂದರು. ನಾನೂ ಒಂದು ಡಬ್ಬಿಗಾಗಿ ಜಗಳ ಮಾಡುವುದು ಮರ್ಯಾದೆಯಲ್ಲವೆಂದು ಸುಮ್ಮನಿದ್ದೆ. ಥೂ, ನನ್ನ ಮರ್ಯಾದೆಗೆ ಬೆಂಕಿ ಬೀಳಲಿ.

ಇಷ್ಟೇ ಆಗಿದ್ದರೆ ಇದು ನಕ್ಕು ಮರೆಯುವ ವಿಷಯ. ಆದರೆ ಆ ಯಂತ್ರದೊಳಗೆ ನಮ್ಮ ಅಕ್ಕನ ದನಿ ಇತ್ತು.

ಅಕ್ಕ ಎಂದರೆ ಒಡಹುಟ್ಟಿದವಳಲ್ಲ. ಹೆಸರು ರತ್ನಮ್ಮ, ನನ್ನ ಗಂಡನ ಅಣ್ಣನ ಹೆಂಡತಿ, ನನ್ನ ಓರಗಿತ್ತಿ. ಮುಳಬಾಗಿಲ ಕಡೆ ಆವನಿಯ ಹೆಣ್ಣು. ನಾನು ಈ ಮನೆಗೆ ಸೊಸೆಯಾಗಿ ಬಂದ ದಿನ, ಪರಕೀಯಳಂತೆ ಮೂಲೆಯಲ್ಲಿ ಕೂತಿದ್ದವಳನ್ನು, "ಏಮ್ಮಾ, ತಿನ್ನಾವಾ? ಊಟ ಮಾಡಿದ್ಯೇನೇ?" ಎಂದು ತೆಲುಗಿನಲ್ಲೊಂದು ಸಲ ಕನ್ನಡದಲ್ಲೊಂದು ಸಲ ಕೇಳಿದವಳು ಅವಳು. ಅವಳ ದನಿ ಸಣ್ಣದಲ್ಲ. ಹಿತ್ತಲಲ್ಲಿ ನಿಂತು ಕೂಗಿದರೆ ರಸ್ತೆಯಾಚೆಯ ಹಿಪ್ಪುನೇರಳೆ ತೋಟದಲ್ಲಿ ಸೊಪ್ಪು ಕೊಯ್ಯುತ್ತಿದ್ದವರು ಎದ್ದು ನಿಲ್ಲುತ್ತಿದ್ದರು. ಹಸುವಿಗೆ ಒಂದು ಧಾಟಿ, ಡೈರಿಯವನಿಗೆ ಒಂದು ಧಾಟಿ, ಬಾವನಿಗೆ ಬೇರೆಯೇ ಧಾಟಿ. ನನ್ನ ಗಂಡನಿಗೂ ಬಾವನಿಗೂ ನೆಟ್ಟಗೆ ಮುಖ ಕೊಟ್ಟು ಮಾತಾಡುವ ಅಭ್ಯಾಸವಿಲ್ಲ. ಯಾವ ಕಾಲದ್ದೋ ಮುನಿಸು, ಕಾರಣ ಇಬ್ಬರಿಗೂ ಮರೆತಿದೆ. "ನಿನ್ನ ಮೈದುನಂಗೆ ಹೇಳು," "ಅತ್ತಿಗೆ, ಅಣ್ಣಂಗೆ ಹೇಳಿ" — ಹೀಗೆ ಎರಡು ಕಡೆಯ ಮಾತೂ ಅಕ್ಕನ ಬಾಯಿಂದಲೇ ಹಾಯ್ದು ಹೋಗಬೇಕು. ಹಾಯ್ದು ಹೋಗುವಾಗ ಅವಳು ಅದರ ಕಾರ ತೆಗೆದು ಉಪ್ಪು ಮಾತ್ರ ಉಳಿಸುತ್ತಿದ್ದಳು.

ಎರಡು ವರ್ಷದ ಹಿಂದೆ ಆ ದನಿ ಒಡೆಯತೊಡಗಿತು. ರೇಷ್ಮೆಹುಳುವಿಗೆ ಉದುರಿಸುವ ಸುಣ್ಣದ ಧೂಳು ಅಂದೆವು, ಶೀತ ಅಂದೆವು, ಜ್ಯೇಷ್ಠಮಧು ತಿನ್ನಿಸಿದೆವು. ಕೊನೆಗೆ ಬೆಂಗಳೂರಿನ ಆಸ್ಪತ್ರೆಯಲ್ಲಿ ಗಂಟಲೊಳಗೆ ಕೊಳವೆ ಬಿಟ್ಟು ನೋಡಿ, ಧ್ವನಿಪೆಟ್ಟಿಗೆಯಲ್ಲಿ ಗಂಟಿದೆ, ಪೆಟ್ಟಿಗೆಯನ್ನೇ ತೆಗೆಯಬೇಕು ಎಂದರು. ವೈದ್ಯರು ಒಳ್ಳೆಯವರು, ಒಂದು ಕಾಗದದ ಮೇಲೆ ಗಂಟಲಿನ ಚಿತ್ರ ಬರೆದು, ಇಲ್ಲಿಯವರೆಗೆ ಅನ್ನಕ್ಕೂ ಉಸಿರಿಗೂ ದಾರಿ ಒಂದೇ, ಇಲ್ಲಿಂದ ಕೆಳಗೆ ಎರಡಾಗುತ್ತದೆ, ಆ ಕವಲಿನಲ್ಲಿ ಕೂತದ್ದು ದನಿ ಎಂದು ವಿವರಿಸಿದರು. ಆಪರೇಷನ್ ಆದ ಮೇಲೆ ಬಾಯಿ ಊಟಕ್ಕೆ ಮಾತ್ರ. ಉಸಿರಾಟಕ್ಕೆ ಕುತ್ತಿಗೆಯ ಬುಡದಲ್ಲಿ ಬೇರೆ ತೂತು. ಮಾತು, ಪಿಸುಮಾತು ಕೂಡ, ಇನ್ನಿಲ್ಲ.

ನಾನು ಆ ಚಿತ್ರವನ್ನು ಬಹಳ ಹೊತ್ತು ನೋಡಿದೆ. ನಮ್ಮನ್ನು ಮಾಡಿದವನೂ ಜಾಗ ಉಳಿಸುವ ಚಪಲದವನೇ ಇರಬೇಕು. ತುತ್ತು, ಉಸಿರು, ನಗು, ಬೈಗುಳ, ಜೋಗುಳ, ಎಲ್ಲವನ್ನೂ ಒಂದೇ ಓಣಿಯಲ್ಲಿ ನುಗ್ಗಿಸಿ, ನೆತ್ತಿಗೆ ಹತ್ತಿದರೆ ತಲೆ ತಟ್ಟಿಕೊಳ್ಳಿ ಎಂದು ಕೈತೊಳೆದುಕೊಂಡ. ಅದು ನಡೆಯುವವರೆಗೆ ಅದರಷ್ಟು ಚೆಂದದ ಏರ್ಪಾಡಿಲ್ಲ. ಉಣ್ಣುತ್ತ ಮಾತಾಡುವುದು, ಮಾತಾಡುತ್ತ ನಿಟ್ಟುಸಿರು ಬಿಡುವುದು, ನಿಟ್ಟುಸಿರಿನ ನಡುವೆ ನಕ್ಕುಬಿಡುವುದು ಎಲ್ಲವೂ ಆ ಇಕ್ಕಟ್ಟಿನಿಂದಲೇ ಹುಟ್ಟಿದ ಸುಖಗಳು. ಅಲ್ಲೊಂದು ಗಂಟಾದರೆ ಮಾತ್ರ ಯಾವುದನ್ನು ಉಳಿಸಿ ಯಾವುದನ್ನು ಬಿಡಲಿ ಎಂದು ಕತ್ತರಿ ಹಿಡಿದು ಕೂರಬೇಕು.

ಅಕ್ಕ ಅಳಲಿಲ್ಲ. ಆಸ್ಪತ್ರೆಯ ಕಾರಿಡಾರಿನ ಬೆಂಚಿನ ಮೇಲೆ ಕೂತು ಅವಳು ಕೇಳಿದ್ದು ಒಂದೇ: "ಹಂಗಾದ್ರೆ ಮಗುಗೆ ಹೆಸರು ಯಾರ್ ಹೇಳ್ತಾರೆ?"

ಅವಳ ಒಬ್ಬಳೇ ಮಗಳು ಲಾವಣ್ಯಳನ್ನು ಮಾಲೂರಿಗೆ ಕೊಟ್ಟಿದೆ. ಆಗ ಅವಳಿಗೆ ಐದು ತಿಂಗಳು, ಚೊಚ್ಚಲು. ತೊಟ್ಟಿಲಿಗೆ ಹಾಕುವ ದಿನ ಮಗುವಿನ ಕಿವಿಯಲ್ಲಿ ಮೂರು ಸಲ ಹೆಸರು ಹೇಳುವುದು ನಮ್ಮಲ್ಲಿ ಸೋದರತ್ತೆಯ ಹಕ್ಕು. ಅಕ್ಕ ಅದನ್ನು ಮದುವೆಯ ಮಾತುಕತೆಯ ದಿನವೇ ಬೀಗರಿಂದ ಬೇಡಿ ಪಡೆದುಕೊಂಡಿದ್ದಳು. "ನಂಗಿರೋದು ಒಂದೇ ಹೆಣ್ಣು. ಮೊದಲ್ನೇ ಕೂಸಿನ ಕಿವೀಗೆ ನಾನೇ ಹೇಳ್ತೀನಿ, ಅದೊಂದು ನಂಗೆ ಬಿಟ್ಕೊಡ್ರಮ್ಮ," ಎಂದಾಗ ಬೀಗಿತ್ತಿ ನಕ್ಕು ಒಪ್ಪಿದ್ದರು. ಸೀರೆ, ಬಂಗಾರ ಯಾವುದಕ್ಕೂ ಬಾಯಿಬಿಟ್ಟು ಕೇಳದವಳು ಜೀವಮಾನದಲ್ಲಿ ಕೇಳಿ ಪಡೆದದ್ದು ಅದೊಂದೇ ಹಕ್ಕು.

ದನಿಯನ್ನು ತುಂಬಿಟ್ಟುಕೊಳ್ಳೋಣ ಎಂದವಳು ನಾನು. ಫೋನಿನಲ್ಲಿ ಬೇಡ, ಅದು ಯಾವಾಗಲೂ ತುಂಬಿ ತುಳುಕುತ್ತಿರುತ್ತದೆ, ಎರಡು ಸಲ ನೀರಿನ ತೊಟ್ಟಿಗೂ ಬಿದ್ದಿದೆ. ನನ್ನ ಹೊಸ ಲ್ಯಾಪ್‌ಟಾಪಿನ ಮೈಕು ಚೆನ್ನಾಗಿದೆ ಎಂದೆ. ಆಪರೇಷನ್ನಿಗೆ ಎರಡು ದಿನ ಮೊದಲು ಅಕ್ಕ ತಲೆಗೆ ಎರೆದುಕೊಂಡು, ಒಗೆದ ಸೀರೆ ಉಟ್ಟು, ಕುಂಕುಮ ಇಟ್ಟು, ಫೋಟೋ ತೆಗೆಸಿಕೊಳ್ಳುವವಳಂತೆ ಯಂತ್ರದ ಮುಂದೆ ಕೂತಳು. ಗುಂಡಿ ಒತ್ತಿಕೊಟ್ಟ ಮೇಲೆ ನನ್ನನ್ನೂ ಹೊರಗೆ ಕಳಿಸಿದಳು. "ನೀನ್ ಆಚೆ ಹೋಗೇ. ಹುಟ್ಟೋ ಮುಂಚೆ ಹೆಸರು ಇನ್ನೊಬ್ರ ಕಿವಿಗೆ ಬೀಳ್ಬಾರ್ದು."

ಬಾಗಿಲಾಚೆ ನಿಂತ ನನಗೆ ಕೇಳಿದ್ದು ಕೆಮ್ಮು, ಗಂಟಲು ಸರಿಮಾಡಿಕೊಂಡದ್ದು, ಆಮೇಲೆ, "ಲೇ ಸುಜಾತ, ಇದು ಓಡ್ತಾ ಇದೆಯೇನೇ?" ಎಂಬ ಕೂಗು. ಓಡುತ್ತಿದೆ ಎಂದೆ. ಒಳಗೆ ತಗ್ಗಿದ ದನಿಯಲ್ಲಿ ಬಹಳ ಹೊತ್ತು ಏನೇನೋ ಹೇಳಿದಳು. ಅರ್ಧ ಒಡೆದು ಹೋಗಿದ್ದರೂ ಆ ದನಿ ಅವಳದೇ. ಹೊರಬಂದವಳ ಮುಖ ಹಗುರಾಗಿತ್ತು.

"ಎರಡೂ ಹೇಳಿದೀನಿ. ಗಂಡಾದ್ರೆ ಒಂದು, ಹೆಣ್ಣಾದ್ರೆ ಒಂದು. ಆಮೇಲೆ ಸ್ವಲ್ಪ ಬೈದೂ ಇದೀನಿ."

"ಯಾರ್ನಕ್ಕಾ?"

"ಆ ಮಗೂನೇ ಕಣೇ. ಹಾಲು ಕುಡೀದೆ ಹಟ ಮಾಡಿದ್ರೆ ಹಾಕಿ ಕೇಳಿಸು. ಅಜ್ಜಿ ಹೆಂಗ್ ಬೈತಿದ್ಲು ಅಂತ ಗೊತ್ತಾಗ್ಲಿ."

ಇನ್ನೊಂದು ಕಡೆ ತೆಗೆದಿಡಬೇಕಿತ್ತಲ್ಲ, ಮಗಳಿಗೆ ಕಳಿಸಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಆಮೇಲೆ ಎಲ್ಲರೂ ಕೇಳಿದರು. ಕೇಳುವುದಕ್ಕೇನು, ಗಂಟೇನೂ ಹೋಗುವುದಿಲ್ಲ. ಕಳಿಸಕೂಡದು ಎಂದು ಅಕ್ಕನ ಆಣೆಯಾಗಿತ್ತು. ಹುಟ್ಟುವ ಮೊದಲು ತೊಟ್ಟಿಲು ತರಬಾರದು, ಬಟ್ಟೆ ಹೊಲಿಸಬಾರದು, ಹೆಸರಂತೂ ಹೊಸಲು ದಾಟಲೇಬಾರದು. ಫೋನಿನಿಂದ ಫೋನಿಗೆ ಹಾರುವ ದನಿ ಯಾರ್ಯಾರ ಕಿವಿಗೆ ಬೀಳುತ್ತದೋ, ಯಾರ ಕಣ್ಣು ತಾಗುತ್ತದೋ ಎಂಬ ಭಯ ಅವಳಿಗೆ. ನಾನು ಓದಿದವಳು, ನಗಬೇಕಿತ್ತು. ಕುತ್ತಿಗೆ ಕೊಯ್ಯಿಸಿಕೊಳ್ಳಲು ಹೊರಟವಳ ಮುಂದೆ ನಗುವ ಧೈರ್ಯ ಬರಲಿಲ್ಲ. ಪೆನ್‌ಡ್ರೈವಿಗೆ ಒಂದು ಪ್ರತಿ ಇಳಿಸೋಣವೆಂದುಕೊಂಡೆ. ಅದಕ್ಕೆ ಆ ಬಾಲದ ಡಬ್ಬಿ ಬೇಕು. ಅದು ಇತಿಹಾಸದ ಮೇಷ್ಟ್ರ ಬಳಿ ಇತ್ತು.

ಆಪರೇಷನ್ ಆಯಿತು, ಅಕ್ಕ ಬದುಕಿ ಮನೆಗೆ ಬಂದಳು. ನೋಡಲು ಬರುವ ನೆಂಟರ ಸಂತೆ ಶುರುವಾಯಿತು. ಅವರ ಜೊತೆ ಮಕ್ಕಳು, ಆ ಮಕ್ಕಳಿಗೆ ಕಂಡ ಯಂತ್ರದ ಮೇಲೆಲ್ಲ ಬೆರಳು. ಲ್ಯಾಪ್‌ಟಾಪನ್ನು ಬಸ್ಸಿನಲ್ಲಿ ಒಯ್ಯಲು ಭಯ, ಮನೆಯಲ್ಲಿ ಬಿಡಲು ಭಯ. ಕೆಲಸಕ್ಕೆ ಕಾಲೇಜಿನ ಹಳೆಯ ಕಂಪ್ಯೂಟರನ್ನೇ ನೆಚ್ಚಿಕೊಂಡು, ಇದನ್ನು ಎಲ್ಲಿ ಬಚ್ಚಿಡಲಿ ಎಂದು ಮನೆಯೆಲ್ಲ ಸುತ್ತಿ, ಕೊನೆಗೆ ಹುಳುಮನೆಯಲ್ಲಿಟ್ಟೆ. ರೇಷ್ಮೆ ಸಾಕದ ಊರಿನವರಿಗೆ ಇದು ಹುಚ್ಚೆನ್ನಿಸಬಹುದು. ನಮ್ಮ ಕಡೆ ಹುಳುಮನೆಗಿಂತ ಭದ್ರವಾದ ತಿಜೋರಿಯಿಲ್ಲ. ಹುಳು ಇರುವಾಗ ಅಲ್ಲಿಗೆ ಹೊರಗಿನವರು ಕಾಲಿಡುವ ಹಾಗಿಲ್ಲ. ನೆಂಟರಿಗೆ, ಮಕ್ಕಳಿಗೆ, ಹೂ ಮುಡಿದವರಿಗೆ, ಊದುಬತ್ತಿ ಹಚ್ಚಿದವರಿಗೆ, ಯಾರಿಗೂ ಪ್ರವೇಶವಿಲ್ಲ. ನಮ್ಮತ್ತೆ ಒಡವೆಯ ಗಂಟನ್ನು ಬೆಳೆ ಬೆಳೆಗೂ ಅಲ್ಲೇ ಮೇಲಿನ ಹಲಗೆಯ ಮೇಲೆ ಇಡುತ್ತಿದ್ದರಂತೆ. ನಾನೂ ಅದೇ ಹಲಗೆಯ ಮೇಲೆ, ಟವೆಲಿನಲ್ಲಿ ಸುತ್ತಿ ಇಟ್ಟು, ಯಾರಿಗೂ ಹೇಳದೆ ಬಂದೆ. ಅತ್ತೆಯ ಜಾಣತನ ನನಗೂ ಬಂತು ಎಂದು ಬೀಗಿದೆ ಕೂಡ.

ಬಂಗಾರಕ್ಕೆ ಕಿಂಡಿಯಿಲ್ಲ ಎನ್ನುವುದು ನನಗೆ ಹೊಳೆಯಲಿಲ್ಲ.

ಹುಳು ಪೊರೆ ಬಿಡುವ ಹೊತ್ತನ್ನು ನಮ್ಮಲ್ಲಿ ಜ್ವರ ಎನ್ನುತ್ತೇವೆ. ಒಂದು ಬೆಳೆಗೆ ನಾಲ್ಕು ಜ್ವರ. ಹುಳು ಜ್ವರಕ್ಕೆ ಕೂತಾಗ ಹಾಸು ಒಣಗಿರಲೆಂದು ಸುಣ್ಣದ ಪುಡಿ ಉದುರಿಸುತ್ತಾರೆ. ಮೂವತ್ತು ವರ್ಷ ಆ ಕೆಲಸ ಅಕ್ಕನದು; ತೆಳು ಬಟ್ಟೆಯಲ್ಲಿ ಸುಣ್ಣ ಕಟ್ಟಿಕೊಂಡು, ಮಗುವಿಗೆ ಪೌಡರು ಹಚ್ಚುವ ಹಾಗೆ ತಟ್ಟೆತಟ್ಟೆಗೂ ಮೆಲ್ಲಗೆ ತಟ್ಟುತ್ತಿದ್ದಳು. ಕುತ್ತಿಗೆಯಲ್ಲಿ ತೆರೆದ ತೂತಿರುವವಳು ಈಗ ಆ ಧೂಳಿನ ಹತ್ತಿರ ಸುಳಿಯುವಂತಿಲ್ಲ. ಬಾವ ಆ ಕೆಲಸ ಹಿಡಿದರು. ಅವರ ಕೈ ದೊಡ್ಡದು, ಮನಸ್ಸು ನೆಟ್ಟಗಿರಲಿಲ್ಲ. ಬೊಗಸೆಯಲ್ಲಿ ತೆಗೆದು ಎರಚಿದರು. ಬೇಸಿಗೆಯ ಸೆಕೆಗೆಂದು ಸುತ್ತಲೂ ಒದ್ದೆ ಗೋಣಿ ಕಟ್ಟಿದ್ದರು. ಸುಣ್ಣ ಮೇಲೆದ್ದು, ಹಲಗೆಯ ಮೇಲಿನ ಟವೆಲಿನ ಸಂದಿನಲ್ಲಿ ಇಳಿದು, ಗೋಣಿಯ ತೇವ ಕುಡಿದು, ಆ ಅವರೆಕಾಳಿನಷ್ಟಗಲದ ಕಿಂಡಿಯೊಳಗೆ ಬೆಳೆಯ ಮೇಲೆ ಬೆಳೆ ಗಟ್ಟಿಯಾಗುತ್ತ ಹೋಯಿತು.

ಲಾವಣ್ಯ ಬಾಣಂತನಕ್ಕೆ ಬಂದು, ಹೆಣ್ಣುಮಗು ಹುಟ್ಟಿ, ಮೂರು ತಿಂಗಳಿಗೆ ತೊಟ್ಟಿಲ ಶಾಸ್ತ್ರವೆಂದು ದಿನ ಗೊತ್ತಾಯಿತು. ಒಂದು ಮಧ್ಯಾಹ್ನ ಲ್ಯಾಪ್‌ಟಾಪನ್ನು ಇಳಿಸಿ ತಂದೆ. ಬ್ಯಾಟರಿ ಖಾಲಿ, ಅದು ಸಹಜ. ಚಾರ್ಜರು ಚುಚ್ಚಿದರೆ ಅರ್ಧಕ್ಕೇ ನಿಂತಿತು. ಕಿಂಡಿಯೊಳಗೆ ಬಗ್ಗಿ ನೋಡಿದರೆ ಬೆಳ್ಳಗೆ, ಹಲ್ಲಿಗೆ ಕಟ್ಟಿದ ಪಾಚಿಯ ಹಾಗೆ. ಬುದ್ಧಿಯಿದ್ದವರು ಅಲ್ಲಿಗೇ ನಿಲ್ಲಿಸಿ ತಿಳಿದವರ ಬಳಿ ಒಯ್ಯುತ್ತಾರೆ. ನಾನು ಸೆರಗಿನ ಪಿನ್ನು ಕಿತ್ತು, ಕಿವಿಯ ಗುಗ್ಗೆ ತೆಗೆಯುವವಳಂತೆ ಕೆರೆಯಲು ಕೂತೆ. ಬಿಳಿಯ ಪುಡಿ ಉದುರುತ್ತಿದ್ದರೆ ಎಂಥ ಸಮಾಧಾನ ನನಗೆ! ಆ ಕಿಂಡಿಯ ನಡುವೆ ನಾಲಿಗೆಯಂಥ ಒಂದು ಎಸಳಿರುತ್ತದೆ, ಎಲ್ಲ ತಂತಿಗಳೂ ಬಂದು ಸೇರುವುದು ಅದರ ಮೇಲೇ ಎಂದು ನನಗೆ ಯಾರು ಹೇಳಿದ್ದರು? ಏನೋ ಒಂದು ಸಣ್ಣದು ಮುರಿದಂತಾಯಿತು. ಸುಣ್ಣವೇ ಇರಬೇಕೆಂದುಕೊಂಡೆ. ಚಾರ್ಜರನ್ನು ಒತ್ತಿ ತುರುಕಿದೆ, ಒಳಗೆ ಹೋಯಿತು. ಅರೆನಿಮಿಷದಲ್ಲಿ ಕೈಕೆಳಗೆ ಬಿಸಿ, ಮೂಗಿಗೆ ಸುಟ್ಟ ವಾಸನೆ. ಕಿತ್ತು ಬಿಸಾಡುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಕೋಲಾರದಲ್ಲಿ ಗಡಿಯಾರ ಗೋಪುರದ ಕಡೆ ಒಬ್ಬರು ರಿಪೇರಿಯವರಿದ್ದಾರೆ, ರೇಡಿಯೋ ಕಾಲದಿಂದ ಅಂಗಡಿ ನಡೆಸಿದ ವಯಸ್ಸಾದ ಸಾಹೇಬರು. ಕಣ್ಣಿಗೆ ಭೂತಗಾಜು ಕಟ್ಟಿಕೊಂಡು ಕಿಂಡಿ ನೋಡಿ, "ಯಾರು ಮೇಡಂ ಇದ್ರೊಳಗೆ ಗಾರೆ ಹಾಕಿದ್ದು?" ಎಂದು ನಕ್ಕರು. ನನ್ನ ಮುಖ ನೋಡಿ ನಗು ನಿಲ್ಲಿಸಿದರು. ನಡೆದದ್ದನ್ನೆಲ್ಲ ಹೇಳಿದೆ. ಅವರು ಹಿಂಬದಿ ಬಿಚ್ಚಿ, ಸುಟ್ಟು ಕಪ್ಪಾಗಿದ್ದ ಜಾಗಗಳನ್ನು ತೋರಿಸಿ, ಮೆತ್ತಗೆ ಹೇಳಿದರು:

"ಹಳೇ ಮಾಲಾಗಿದ್ರೆ ಡಿಸ್ಕ್ ಬಿಚ್ಚಿ ಕೈಗೆ ಕೊಟ್ಬಿಡ್ತಿದ್ದೆ, ಬೇರೆ ಮೆಷಿನ್‌ಗೆ ಹಾಕ್ಕೊಂಡು ಕೇಳ್ಬಹುದಿತ್ತು. ಇದ್ರಲ್ಲಿ ಡಿಸ್ಕೂ ಬೋರ್ಡೂ ಒಂದೇ, ಸೇರಿಸಿ ಅಂಟಿಸಿಬಿಟ್ಟವ್ರೆ. ಕರೆಂಟ್ ತಪ್ಪಿ ಎಲ್ಲಾ ಕಡೆ ನುಗ್ಗಿದೆ ಮೇಡಂ."

"ಬೇರೆ ಯಾವ ದಾರೀನೂ ಇಲ್ವಾ?"

"ಬೆಂಗ್ಳೂರಿಗೆ ಕಳಿಸ್ತೀನಿ. ಆಸೆ ಇಟ್ಕೋಬೇಡಿ."

ಇಟ್ಟುಕೊಂಡೆ. ಮೂರು ವಾರ ಇಟ್ಟುಕೊಂಡೆ. ಯಂತ್ರ ಹೋದ ಹಾಗೆಯೇ ಹಿಂದಿರುಗಿತು. ಸಾಹೇಬರು ಚಹಾ ತರಿಸಿಕೊಟ್ಟು, "ಯಾರದು ಮೇಡಂ ದನಿ, ತಾಯೀದಾ?" ಎಂದು ಕೇಳಿದರು. ಹೌದು ಎಂದೆ. ಬೇರೇನೆನ್ನಲಿ?

ಆ ದಿನಗಳಲ್ಲಿ ನನಗೆ ಯಾರ ಮೇಲೆ ಸಿಟ್ಟು ಮಾಡಬೇಕೆಂದೇ ತಿಳಿಯುತ್ತಿರಲಿಲ್ಲ. ತೆಳ್ಳಗೆ ಮಾಡಿದವರನ್ನು ಬೈದೆ. ಯಂತ್ರ ಒಂದು ಬೆರಳು ದಪ್ಪವಿದ್ದಿದ್ದರೆ ಅವರಪ್ಪನ ಗಂಟೇನು ಹೋಗುತ್ತಿತ್ತು? ಚಾರ್ಜರಿಗೆ ಬೇರೆ, ಮಾತಿಗೆ ಬೇರೆ ಬಾಯಿ ಇಟ್ಟಿದ್ದರೆ, ಒಂದರಲ್ಲಿ ಸುಣ್ಣ ತುಂಬಿದರೂ ಇನ್ನೊಂದರಿಂದ ನನ್ನಕ್ಕನನ್ನು ಹೊರಗೆಳೆದುಕೊಳ್ಳುತ್ತಿದ್ದೆ. ಡಬ್ಬಿಯ ಮೇಷ್ಟ್ರನ್ನು ಬೈದೆ. ಬಾವನನ್ನು ಬೈಯಲು ಹೋಗಿ, "ಅಲ್ಲಮ್ಮ, ಅದ್ನ ಅಲ್ಲಿಟ್ಟಿದೀನಿ ಅಂತ ಒಂದ್ ಮಾತು ಹೇಳ್ಬಾರ್ದಾಗಿತ್ತಾ?" ಎಂದು ಅವರು ತಗ್ಗಿದ ದನಿಯಲ್ಲಿ ಕೇಳಿದಾಗ ಬಾಯಿ ಮುಚ್ಚಿಕೊಂಡೆ. ತಿರುಗಿ ತಿರುಗಿ ಸಿಟ್ಟು ಬಂದು ನಿಲ್ಲುವುದು ನನ್ನ ಪಿನ್ನಿನ ಬಳಿಯೇ. ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದರು ಎಂದು ಬೇರೆಯವರನ್ನು ಆಡಿಕೊಂಡವಳು ನಾನು. ಆಸ್ಪತ್ರೆಯಲ್ಲಿ ಅವಳ ದನಿಯನ್ನು ವೈದ್ಯರು ಒಂದು ಸಲ ಕೊಯ್ದರು, ಜೀವ ಉಳಿಸಲು. ಮನೆಯಲ್ಲಿ ನಾನು ಎರಡನೆಯ ಸಲ ಕೊಯ್ದೆ, ಯಾವ ಕಾರಣಕ್ಕೂ ಅಲ್ಲದೆ.

ಅಕ್ಕನಿಗೆ ಹೇಳಲಿಲ್ಲ. ಹೇಗೆ ಹೇಳಲಿ? ಮಗುವನ್ನು ಎತ್ತಿಕೊಂಡು ಅದರ ನೆತ್ತಿಗೆ ಮೂಗು ಒತ್ತುತ್ತಿದ್ದಳು. ಮೂಗಿನಿಂದ ಈಗ ಗಾಳಿ ಹೋಗುವುದಿಲ್ಲವಾದ್ದರಿಂದ ಅವಳಿಗೆ ವಾಸನೆಯೂ ಅಷ್ಟಾಗಿ ತಿಳಿಯದು. ಆದರೂ ಒತ್ತುತ್ತಿದ್ದಳು, ಅಭ್ಯಾಸ. ಮಗು ಅತ್ತರೆ ಜೋ ಎನ್ನಲೂ ಆಗದೆ, ಕೈಬಳೆ ಕುಲುಕಿ ಸಮಾಧಾನ ಮಾಡುತ್ತಿದ್ದಳು. ಕುತ್ತಿಗೆಗೆ ಒತ್ತಿಹಿಡಿದು ಮಾತಾಡುವ ಯಂತ್ರವೊಂದನ್ನು ಆಸ್ಪತ್ರೆಯಲ್ಲಿ ಕೊಟ್ಟಿದ್ದರು. ಒಂದೇ ಸಲ ಬಳಸಿದಳು. ಮೋಟಾರಿನಂಥ ಆ ಗೊರಗೊರ ಕೇಳಿ ಕೊಟ್ಟಿಗೆಯ ಹಸು ಬೆದರಿದ್ದೇ ಅದನ್ನು ಪೆಟ್ಟಿಗೆಯ ತಳಕ್ಕೆ ಹಾಕಿದಳು. ಅವಳ ಮಾತೆಲ್ಲ ಈಗ ಲಾವಣ್ಯಳ ಬಾಲ್ಯದ ಸ್ಲೇಟಿನ ಮೇಲೆ. ಬಾವನೂ ನನ್ನ ಗಂಡನೂ ಸ್ಲೇಟಿನಷ್ಟು ಮಾತೂ ಇಲ್ಲದೆ ಊಟ ಮುಗಿಸಿ ಎದ್ದು ಹೋಗುತ್ತಾರೆ. ನನ್ನನ್ನು ಕಂಡಾಗಲೆಲ್ಲ ಅವಳು ಬೆರಳಿನಿಂದ ಲ್ಯಾಪ್‌ಟಾಪಿನ ಮುಚ್ಚಳ ತೆರೆಯುವ ಸನ್ನೆ ಮಾಡಿ, ಹುಬ್ಬು ಹಾರಿಸಿ ಕೇಳುತ್ತಿದ್ದಳು: ಇದೆ ತಾನೆ? ನಾನು ಹೂಂ ಎಂದು ತಲೆಯಾಡಿಸುತ್ತಿದ್ದೆ.

ಶಾಸ್ತ್ರಕ್ಕೆ ಮೂರು ದಿನವಿರುವಾಗ, ಮಧ್ಯಾಹ್ನ, ಅವಳು ಜಗಲಿಯ ಮೇಲೆ ಕೂತು ಆ ದಿನಕ್ಕೆಂದು ಅಕ್ಕಿ ಆರಿಸುತ್ತಿದ್ದಾಗ, ಇನ್ನು ತಡೆಯಲಾರದೆ, ಎದುರಿಗೆ ಕೂತು ಹೇಳಿಬಿಟ್ಟೆ. ಹುಳುಮನೆ, ಸುಣ್ಣ, ಪಿನ್ನು, ಸಾಹೇಬರು, ಬೆಂಗಳೂರು, ಒಂದನ್ನೂ ಬಿಡಲಿಲ್ಲ. ಹೊಡೆಯಲಿ ಅಂತಲೇ ಹತ್ತಿರ ಕೂತಿದ್ದೆ.

ಅವಳು ಮೊರ ಕೆಳಗಿಟ್ಟು ಸ್ಲೇಟು ತೆಗೆದುಕೊಂಡು ಬರೆದಳು: ‘ಚಾರ್ಜ್ ಹಾಕಿ ನೋಡು.’

"ಹಾಕಕ್ಕಾಗಲ್ಲ ಅಕ್ಕಾ. ಚಾರ್ಜ್ ಹೋಗೋದೂ ಅಲ್ಲಿಂದ್ಲೇ. ಅದೇ ಸುಟ್ಟೋಗಿರೋದು."

ಅಳಿಸಿದಳು. ಬರೆದಳು: ‘ಬೇರೆ ತೂತು?’

"ಬೇರೆ ತೂತಿಲ್ಲ. ಇರೋದೇ ಒಂದು."

ಅವಳು ನನ್ನನ್ನು ನಂಬದವಳಂತೆ ನೋಡಿದಳು. ಇಷ್ಟು ದೊಡ್ಡ ಯಂತ್ರಕ್ಕೆ ಒಂದೇ ಎಂದರೆ ಯಾರು ನಂಬುತ್ತಾರೆ? ಮೆಲ್ಲಗೆ ಅವಳ ಕೈ ಮೇಲೆದ್ದು ಕುತ್ತಿಗೆಯ ತೂತಿಗೆ ಮುಚ್ಚಿದ ಬಟ್ಟೆಯ ಮೇಲೆ ಕೂತಿತು. ಆ ಬಟ್ಟೆ ಒಮ್ಮೆ ಒಳಕ್ಕೆ ಹೋಗಿ, ಒಮ್ಮೆ ಉಬ್ಬಿ, ಬಹಳ ಬೇಗಬೇಗ ಆಡುತ್ತಿತ್ತು. ಅಳುವಿನ ಸದ್ದಿಲ್ಲದೆ ಅಳುವವರನ್ನು ನಾನು ನೋಡಿದ್ದೆ; ಅಳಲು ಸದ್ದೇ ಇಲ್ಲದವಳನ್ನು ಅವತ್ತೇ ನೋಡಿದ್ದು. ಆಮೇಲೆ ಅವಳು ಮೊರ ಎತ್ತಿಕೊಂಡು ಅಕ್ಕಿ ಆರಿಸತೊಡಗಿದಳು, ಕಲ್ಲು ಒಂದು ಕಡೆ, ನುಚ್ಚು ಒಂದು ಕಡೆ. ನಾನು ಏಳಲಿಲ್ಲ, ಅವಳು ಏಳು ಎಂದು ಸನ್ನೆ ಮಾಡಲೂ ಇಲ್ಲ.

ಶಾಸ್ತ್ರದ ದಿನ ಮಾಲೂರಿನಿಂದ ಬೀಗರು ವ್ಯಾನು ತುಂಬ ಬಂದರು. ನಡುಮನೆಯಲ್ಲಿ ತೊಟ್ಟಿಲು, ಸುತ್ತ ಹೂವು, ಕೂತವರು, ನಿಂತವರು. ಬೀಗಿತ್ತಿ ಪಾಪ, ಏನೂ ಗೊತ್ತಿಲ್ಲದೆ, "ಎಲ್ಲಮ್ಮ ಸುಜಾತಮ್ಮ, ರತ್ನಮ್ಮೋರ ದನಿ ಕೇಳಿಸ್ತೀವಿ ಅಂದಿದ್ರಲ್ಲ, ಹಾಕಿ ಮತ್ತೆ. ನಮ್ಮ ಹುಡುಗೀರೆಲ್ಲ ಕೇಳ್ಬೇಕು ಅಂತ ಕೂತವ್ರೆ," ಎಂದರು. ಫೋನುಗಳು ಮೇಲೆದ್ದವು. ನಾನು ಹಿಂದೆ ಸರಿದು ಗೋಡೆಗೊರಗಿದೆ. ಲಾವಣ್ಯಳಿಗೆ ಹಿಂದಿನ ದಿನವೇ ಗೊತ್ತಾಗಿತ್ತು. ಅವಳು ನನ್ನ ಕಡೆ ನೋಡದೆ ಮಗುವಿನ ಕುಲಾವಿ ಸರಿಮಾಡುತ್ತಿದ್ದಳು.

ಅಕ್ಕ ಮುಂದೆ ಬಂದಳು. ತಟ್ಟೆಯಲ್ಲಿ ಹರಡಿದ್ದ ಅಕ್ಕಿಯ ಮೇಲೆ ಉಂಗುರದಿಂದ, ಒಂದೊಂದೇ ಅಕ್ಷರ ತಿದ್ದಿ, ತವರಿನ ಹೆಸರನ್ನೇ ಬರೆದಳು: ಅವನಿ. ಊರಿನ ಹೆಸರಿಗೆ ನಾವು ಎಳೆಯುವ ದೀರ್ಘವನ್ನು ಬಿಟ್ಟು, ಈಗಿನವರಿಗೆ ಒಪ್ಪುವ ಹಾಗೆ ಬರೆದಿದ್ದಳು. ಎಲ್ಲರೂ ಚೆನ್ನಾಗಿದೆ ಎಂದರು. ನನಗೂ ಆ ಹೆಸರು ತಿಳಿದದ್ದು ಆಗಲೇ. ಆಮೇಲೆ ತೊಟ್ಟಿಲಿನ ಮೇಲೆ ಬಗ್ಗಿ ಮಗುವಿನ ಕಿವಿಗೆ ಬಾಯಿ ಇಟ್ಟಳು. ತುಟಿ ಮೂರು ಸಲ ಆಡಿತು. ಪಿಸುಮಾತಿಗೂ ಬಾಯಲ್ಲಿ ಗಾಳಿ ಬೇಕು. ಅವಳ ಗಾಳಿಯೆಲ್ಲ ಕುತ್ತಿಗೆಯ ಬಟ್ಟೆಯಲ್ಲೇ ಬಂದು ಹೋಗುತ್ತಿತ್ತು. ಮಗು ಮೇಲೆ ನೇತುಹಾಕಿದ್ದ ಬಣ್ಣದ ಗಿಣಿಗಳನ್ನೇ ನೋಡುತ್ತಿತ್ತು. ಹಿಂದಿನಿಂದ ಯಾರೋ ಮುದುಕಿ, "ಹೇಳಾಯ್ತಾ? ಏನೂ ಕೇಳಿಸ್ಲಿಲ್ವಲ್ಲ," ಎಂದಳು.

ಅಕ್ಕ ನೆಟ್ಟಗಾದಳು. ಸುತ್ತ ಕಣ್ಣಾಡಿಸಿ, ಗೋಡೆಗೊರಗಿ ನಿಂತಿದ್ದ ನನ್ನನ್ನು ಹುಡುಕಿ, ಬಾ ಎಂದು ಕೈಯಾಡಿಸಿದಳು. ನಾನು ಬೇಡ ಅಕ್ಕ, ನಾನಲ್ಲ, ನನ್ನ ಕೈಲಾಗಲ್ಲ ಎಂದೆ. ಅವಳೇ ಬಂದು ರಟ್ಟೆ ಹಿಡಿದು ಎಳೆದುಕೊಂಡು ಹೋಗಿ ತೊಟ್ಟಿಲಿನ ಎದುರು ಬದಿಗೆ ನಿಲ್ಲಿಸಿ, ಬೆರಳಿನಿಂದ ಮೊದಲು ನನ್ನ ಬಾಯಿ ಮುಟ್ಟಿ, ಆಮೇಲೆ ಮಗುವಿನ ಕಿವಿ ತೋರಿಸಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು.

ಬಗ್ಗಿದೆ. ಒಂದು ಸಲ ಹೇಳಿದೆ, ದನಿ ಹೊರಡಲಿಲ್ಲ. ಎರಡನೆಯ ಸಲ ನಡುಗುತ್ತ ಹೊರಟಿತು. ಮೂರನೆಯ ಸಲ, ತರಗತಿಯಲ್ಲಿ ಹಾಜರಿ ಕರೆದು ಕರೆದು ಗಟ್ಟಿಯಾದ ನನ್ನ ಅದೇ ಹಳೆಯ ದನಿಯಲ್ಲಿ, ಎಲ್ಲರಿಗೂ ಕೇಳುವಂತೆ, "ಅವನಿ" ಎಂದೆ. ಮಗು ಗಿಣಿಗಳಿಂದ ಕಣ್ಣು ಕಿತ್ತು, ದನಿ ಬಂದ ಕಡೆಗೆ ಕತ್ತು ತಿರುಗಿಸಿ, ನನ್ನನ್ನು ನೋಡಿ ನಕ್ಕಿತು. ಅಕ್ಕ ತೊಟ್ಟಿಲಿನ ಆ ಬದಿಯಲ್ಲಿ, ಮಗುವಿನ ಕಣ್ಣಿಗೆ ಬೀಳದ ಕಡೆಯಲ್ಲಿದ್ದಳು.